ಎರಡು ಸಿದ್ದಾಪುರಗಳು

ಗಂಗಾವತಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ನಾನು ಸೇರಿದ ವರ್ಷದ ಡಿಸೆಂಬರ್ ತಿಂಗಳದು. ತುಂಗಭದ್ರಾ ಎಡದಂಡೆ ಕಾಲುವೆಯ ಊರುಗಳಿಂದ ಸೋನಾ ಮಸೂರಿ ಭತ್ತ ಹಗಲು ರಾತ್ರಿಯೆನ್ನದೆ ಬರುತ್ತಿತ್ತು. ಅಂಗಡಿಯ ಲೆಕ್ಕವೆಲ್ಲ ಒಂದೇ ಎಕ್ಸೆಲ್ ಕಡತದಲ್ಲಿತ್ತು. ಊರಿಗೊಂದು ಶೀಟ್, ಹಮಾಲಿಗೊಂದು, ಲಾರಿ ಬಾಡಿಗೆಗೊಂದು, ಗೊಬ್ಬರದ ಉದ್ರಿಗೊಂದು ಎಂದು ಸೇರುತ್ತ ಸೇರುತ್ತ ಅವು 94 ಆಗಿದ್ದವು. ಪರದೆಯ ಕೆಳಗೆ ಒಮ್ಮೆಗೆ ಕಾಣುತ್ತಿದ್ದುದು ಶೀಟಿನ ಹೆಸರಿರುವ ಹತ್ತೋ ಹನ್ನೆರಡೋ ಟ್ಯಾಬ್.

ಸಿದ್ದಾಪುರದ ಹಿರಿಯ ರೈತರೊಬ್ಬರು ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದರು. ಅವರ ಖಾತೆಯಲ್ಲಿ 75 ಕಿಲೋದ 42 ಚೀಲ ಇರಲೇ ಇಲ್ಲ. "ತೂಕದ ಚೀಟಿ ಇಲ್ಲೇ ಐತಲ್ಲ ತಮ್ಮಾ, ಚೀಲ ಎಲ್ಲಿ ಹೋದ್ವು?" ಎಂದು ಅವರು ಮಡಿಸಿ ಮಡಿಸಿ ಸವೆದ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ನಾನು ಕೆಳಗಿನ ಬಾಣದ ಗುರುತನ್ನು ಒತ್ತುತ್ತ ಒಂದೊಂದೇ ಟ್ಯಾಬ್ ಸರಿಸಿದೆ. ಅವರು ಒಂದು ತಾಸು ಬೆಂಚಿನ ಮೇಲೆ ಕುಳಿತೇ ಇದ್ದರು. ಸಾಲಿನ ತೀರ ಬಲತುದಿಯಲ್ಲಿ 'ಸಿದ್ದಾಪುರ (2)' ಸಿಕ್ಕಿತು. ಶೀಟನ್ನು ನಕಲು ಮಾಡಿದಾಗ ಎಕ್ಸೆಲ್ ತಾನಾಗಿಯೇ ಇಡುವ ಹೆಸರು ಅದು. ಯಾರೋ ನಕಲು ತೆಗೆದು, ಅದರಲ್ಲೇ ಮೂರು ದಿನ ಬರೆದಿದ್ದರು. 42 ಚೀಲವೂ ಅಲ್ಲಿದ್ದವು.

ಆ ರಾತ್ರಿ ನಾನು ಮನೆಗೆ ಹೋಗಲಿಲ್ಲ. ಎಡಮೂಲೆಯ ಬಾಣಗಳ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಎಲ್ಲ ಶೀಟುಗಳ ಪಟ್ಟಿ ತೆರೆಯುತ್ತದೆಂಬುದು ನನಗೆ ತಿಳಿದದ್ದೇ ಆಗ. ಹಗಲೇ ಗೊತ್ತಿದ್ದರೆ ಆ ಹಿರಿಯರು ಅಷ್ಟು ಹೊತ್ತು ಕಾಯಬೇಕಿರಲಿಲ್ಲವೆಂಬ ಸಂಕಟ ಇಂದಿಗೂ ಇದೆ. ಎರಡು ಸಿದ್ದಾಪುರಗಳನ್ನು ಒಂದು ಮಾಡಿದೆ. ಊರಿನ ಖಾತೆಗಳಿಗೆ ಹಸಿರು, ಖರ್ಚಿನವಕ್ಕೆ ಕೆಂಪು ಬಣ್ಣ ಕೊಟ್ಟೆ. ಶೀಟಿನ ಹೆಸರು 31 ಅಕ್ಷರ ಮೀರುವಂತಿಲ್ಲ. ಕನ್ನಡದಲ್ಲಿ ಒತ್ತು, ಗುಣಿತಗಳೂ ಬೇರೆ ಬೇರೆ ಎಣಿಕೆಯಾಗುವುದರಿಂದ 'ಶ್ರೀರಾಮನಗರ'ದ 'ಶ್ರೀ' ಒಂದೇ ನಾಲ್ಕು ಅಕ್ಷರವಾಗುತ್ತದೆ. ಆದ್ದರಿಂದ ಹೆಸರುಗಳನ್ನು ಚಿಕ್ಕದಾಗಿಸಿದೆ. ಹೆಸರಿನಲ್ಲಿ ಓರೆಗೆರೆಯನ್ನೂ (/) ಎಕ್ಸೆಲ್ ಒಪ್ಪದ ಕಾರಣ ಅಲ್ಲಿನ ವರ್ಷಗಳ ನಡುವೆ ಅಡ್ಡಗೆರೆ (-) ಹಾಕಿದೆ.

ಮೊದಲಿಗೆ 'ಸೂಚಿ' ಎಂಬ ಶೀಟ್ ಸೇರಿಸಿ, ಅದರಲ್ಲಿ ಪ್ರತಿ ಊರಿನ ಹೆಸರಿಗೂ, ಒತ್ತಿದರೆ ಆ ಊರಿನ ಶೀಟಿಗೆ ಒಯ್ಯುವ ಹೈಪರ್‌ಲಿಂಕ್ ಸೂತ್ರ ಬರೆದೆ. ಸೂಚಿಗೆ ಮರಳುವ ಕೊಂಡಿಯನ್ನು ಎಲ್ಲ ಶೀಟುಗಳಲ್ಲೂ ಹಾಕಲು ಅವನ್ನು ಒಟ್ಟಿಗೆ ಆರಿಸಿ, ಮೇಲೊಂದು ಸಾಲು ಸೇರಿಸಿ, ಒಮ್ಮೆಗೇ ಬರೆದೆ. ಆದರೆ ಗುಂಪನ್ನು ಬಿಡಿಸಲು ಮರೆತು, ಕಾರಟಗಿಯ ಖಾತೆಯಲ್ಲಿ ಹಮಾಲಿ ದರ ತುಂಬಿದೆ. ಅದು ಅಷ್ಟೂ ಊರುಗಳ ಅದೇ ಚೌಕದಲ್ಲಿ ಕುಳಿತಿತು. ಕಡತದ ಹೆಸರಿನ ಪಕ್ಕ 'ಗ್ರೂಪ್' ಎಂಬ ಪದ ಕಣ್ಣಿಗೆ ಬಿದ್ದದ್ದರಿಂದ ಕೂಡಲೇ ಕಂಟ್ರೋಲ್ ಮತ್ತು ಝಡ್ ಒತ್ತಿ ಹಿಂದಕ್ಕೆ ತಂದೆ. ಅಂದಿನಿಂದ ಬರೆಯುವ ಮುನ್ನ ಆ ಪದ ಇದೆಯೇ ಎಂದು ನೋಡುತ್ತೇನೆ. ಶೀಟಿನ ಹೆಸರು ಬದಲಿಸಿದರೆ ಸೂತ್ರದೊಳಗಿನ ಹೆಸರು ತಾನಾಗಿ ಬದಲಾಗುವುದಿಲ್ಲವಾದ್ದರಿಂದ ಸೂಚಿಯನ್ನೂ ಆಗಲೇ ತಿದ್ದುತ್ತೇನೆ.

ಬೇಸಿಗೆ ಬೆಳೆಯ ಹೊತ್ತಿಗೆ ಆ ಹಿರಿಯರು ಮತ್ತೆ ಬಂದರು. ಸೂಚಿಯಲ್ಲಿ ಸಿದ್ದಾಪುರ ಒತ್ತಿ, ಪರದೆಯನ್ನು ಅವರತ್ತ ತಿರುಗಿಸಿದೆ. ಅವರು ಒಂದು ಬೆರಳನ್ನು ಚೀಟಿಯ ಮೇಲಿಟ್ಟು, ಇನ್ನೊಂದನ್ನು ಪರದೆಯ ಮೇಲಿಟ್ಟು, ಸಾಲು ಸಾಲಾಗಿ ತಾಳೆ ನೋಡಿದರು.