ಸದ್ದಡಗಿದ ವಾಲ್ವ್

19 ಜನವರಿ 2025, ಭಾನುವಾರ ರಾತ್ರಿ

ರೊಬಸ್ಟಾ ಕೊಯ್ಲಿನ ಕೂಲಿ ಲೆಕ್ಕ ಬರೆಯಲು ಕುಳಿತವಳು ಪುಸ್ತಕ ಮುಚ್ಚಿಟ್ಟೆ. ಮನಸ್ಸು ಇನ್ನೂ ಮೂಡಿಗೆರೆಯ ಗ್ಯಾರೇಜಿನಲ್ಲೇ ಇದೆ.

ತಮ್ಮನ ಡರ್ಟ್ ಬೈಕ್ ಒಂದು ವಾರದಿಂದ ಬೆಳಗ್ಗೆ ಸ್ಟಾರ್ಟ್ ಆಗಲು ಹಟ ಹಿಡಿಯುತ್ತಿತ್ತು. ಕಿಕ್ಕರ್ ತುಳಿದು ತುಳಿದು ಸೋತು, ಕೊನೆಗೆ ಕಾಫಿ ಕಣದ ಇಳಿಜಾರಿನಲ್ಲಿ ತಳ್ಳಿಸಿಕೊಳ್ಳುತ್ತಿದ್ದ. ಒಮ್ಮೆ ಹತ್ತಿಕೊಂಡರೆ ಮಾತ್ರ ಎಂಜಿನ್ ಹಿಂದೆಂದಿಗಿಂತ ಮೆತ್ತಗೆ ಓಡುತ್ತಿತ್ತು. “ಕೇಳಕ್ಕ, ಆ ಟಕಟಕ ಸದ್ದೇ ಹೋಗಿಬಿಟ್ಟಿದೆ” ಎಂದು ಖುಷಿಪಟ್ಟಿದ್ದ. ನಾನೂ ಖುಷಿಪಟ್ಟಿದ್ದೆ.

ಇವತ್ತು ಆ ಮಾತು ಕೇಳಿದ ಕೂಡಲೇ ಮೆಕ್ಯಾನಿಕ್ ಸಾಹೇಬರ ಮುಖ ಗಂಭೀರವಾಯಿತು. “ಸದ್ದು ಹೆಚ್ಚಾಗಿದೆ ಎಂದಿದ್ದರೆ ನಾನು ಚಹಾ ಕುಡಿದು ಬಂದು ನೋಡುತ್ತಿದ್ದೆ” ಎಂದವರೇ ಟ್ಯಾಂಕ್ ಬಿಚ್ಚಿ, ಹೆಡ್ಡಿನ ಮುಚ್ಚಳ ತೆಗೆದರು. ಎಂಜಿನ್ನಿನೊಳಗೆ ಗಾಳಿ, ಪೆಟ್ರೋಲ್ ಬಿಡುವ ಇಂಟೇಕ್ ವಾಲ್ವಿಗೂ ಅದನ್ನು ಒತ್ತಿ ತೆರೆಯುವ ಭಾಗಕ್ಕೂ ನಡುವೆ 0.10ರಿಂದ 0.15 ಮಿಲಿಮೀಟರ್ ಸಂದು ಇರಬೇಕು. ಸಂದು ಅಳೆಯುವ 0.10ರ ಗೇಜ್ ಪಟ್ಟಿ ಒಳಗೆ ಹೋಗಲಿಲ್ಲ. ದಾಡಿ ಬ್ಲೇಡಿಗಿಂತ ತೆಳುವಾದ 0.05ರದ್ದೂ ತುದಿಯಲ್ಲೇ ಬಾಗಿ ನಿಂತಿತು.

ವಾಲ್ವ್ ಸವೆದು, ತಾನು ಮುಚ್ಚಿ ಕೂರುವ ಸೀಟಿನೊಳಗೆ ಮೇಲೇರಿದೆ, ಸಂದು ಮುಗಿದಿದೆ, ಹಾಗಾಗಿ ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ, ಒಳಗಿನ ಒತ್ತಡ, ಅಂದರೆ ಕಂಪ್ರೆಷನ್, ಸೋರುತ್ತಿದೆ. ಆ ಟಕಟಕ ಬರುತ್ತಿದ್ದದ್ದೇ ಆ ಸಂದಿನಿಂದ, ಸದ್ದು ನಿಂತದ್ದು ಅದಕ್ಕೇ. ಹಗುರವಾಗಿರಲಿ ಎಂದು ಇಂಥ ಎಂಜಿನ್ನುಗಳಿಗೆ ಟೈಟಾನಿಯಂ ವಾಲ್ವ್ ಹಾಕುತ್ತಾರೆ. ನಿಮಿಷಕ್ಕೆ 13,000 ಸುತ್ತು ತಿರುಗುವಾಗ ಅದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ತೆರೆದು ಮುಚ್ಚಬೇಕು. ಆದರೆ ಅದರ ಗಟ್ಟಿತನವೆಲ್ಲ ಮೇಲಿನ ತೆಳು ಲೇಪದಲ್ಲಿದೆ. ದೂಳು ಉಜ್ಜಿ ಆ ಲೇಪ ಹೋದರೆ ಸವೆತಕ್ಕೆ ತಡೆಯಿಲ್ಲ.

“ವಾಲ್ವ್ ಮೇಲಿನ ಬಿಲ್ಲೆ, ಆ ಶಿಮ್, ತೆಳುವಾದದ್ದು ಹಾಕಿ ಸಂದು ಸರಿಮಾಡಿಕೊಡಿ, ಮುಂದಿನ ಭಾನುವಾರ ಗದ್ದೆಯಲ್ಲಿ ರೇಸ್ ಇದೆ” ಎಂದ ತಮ್ಮ.

“ಹಾಕಬಹುದು ಮಗನೇ. ನಾಲ್ಕು ಗಂಟೆ ಓಡಿಸುವಷ್ಟರಲ್ಲಿ ಮತ್ತೆ ಇದೇ ಸ್ಥಿತಿಗೆ ಬರುತ್ತದೆ. ನಡುವೆ ವಾಲ್ವಿನ ತಲೆ ಮುರಿದು ಪಿಸ್ಟನ್ ಮೇಲೆ ಬಿದ್ದರೆ ನೀನು ಎಂಜಿನ್ನನ್ನು ಮೂಟೆಯಲ್ಲಿ ತರಬೇಕಾಗುತ್ತದೆ.”

ಆಮೇಲೆ ಅವರು ಏರ್ ಫಿಲ್ಟರ್ ತೆಗೆದು, ಕಾರ್ಬುರೇಟರಿಗೆ ಹೋಗುವ ರಬ್ಬರ್ ಕೊಳವೆಯೊಳಗೆ ತೋರುಬೆರಳು ಹಾಕಿ ಒರೆಸಿದರು. ಬೆರಳು ಹೊರಬಂದಾಗ ಅದರ ತುದಿ ಕೆಂಪಾಗಿತ್ತು. ನಮ್ಮ ತೋಟದ ರಸ್ತೆಯ ದೂಳು, ಎಣ್ಣೆಯಲ್ಲಿ ಕಲಸಿದ ಕುಂಕುಮದ ಹಾಗೆ. ಫಿಲ್ಟರಿನ ಸ್ಪಂಜಿನ ಅಂಚು ಒಂದು ಕಡೆ, ಕಿರುಬೆರಳಿನ ಉಗುರಿನಷ್ಟು, ಒಳಕ್ಕೆ ಮಡಚಿಕೊಂಡಿತ್ತು.

“ಇದನ್ನು ಕೂರಿಸಿದವರು ಯಾರು?”

“ನಾನೇ ಸಾಹೇಬರೇ” ಎಂದ ತಮ್ಮ.

ಅವನಲ್ಲ. ಡಿಸೆಂಬರ್ ಕೊನೆಯ ರಾತ್ರಿ ಕರೆಂಟ್ ಇಲ್ಲದಾಗ, ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಫಿಲ್ಟರ್ ತೊಳೆದು ಎಣ್ಣೆ ಹಿಂಡಿ ಕೂರಿಸಿದವಳು ನಾನು. ಮೀಟರಿನಲ್ಲಿ ಅಂದಿನಿಂದ 9 ಗಂಟೆ ಓಡಿದೆ.

ಅಪ್ಪನ ಯೆಜ್ಡಿ ನೆನಪಾಗುತ್ತಿದೆ. ಮೈಸೂರಿನಲ್ಲಿ ಹುಟ್ಟಿದ ಆ ಟೂ ಸ್ಟ್ರೋಕ್ ಬೈಕಿಗೆ ಇಂಥ ವಾಲ್ವುಗಳೇ ಇರಲಿಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸುವ ಅಳತೆ ತಪ್ಪದಿದ್ದರೆ ಸಾಕಿತ್ತು. ರಿಂಗ್ ಸವೆದಾಗ ಅಪ್ಪ ಜಗಲಿಯಲ್ಲೇ ಗೋಣಿಚೀಲ ಹಾಸಿ ಬಿಚ್ಚುತ್ತಿದ್ದರು. ಒಂದೊಂದೇ ಬೋಲ್ಟನ್ನು ನನ್ನ ಅಂಗೈಯಲ್ಲಿಟ್ಟು, ಕೇಳಿದಾಗ ಕೊಡು ಎನ್ನುತ್ತಿದ್ದರು. ಎಂಜಿನ್ನಿನ ಕೆಲಸದಲ್ಲಿ ನನ್ನ ಕೈ ಪಳಗಿದೆ ಎಂದು ನಂಬಿದ್ದೆ.

ಬರುವಾಗ ಜೀಪಿನಲ್ಲಿ ತಮ್ಮ ರೇಸಿನ ಮಾತೇ ಎತ್ತಲಿಲ್ಲ. ಹೆಡ್ ಕೆಲಸ ಮುಗಿಯಲು ಮೂರು ವಾರವಾದರೂ ಬೇಕು. ಹ್ಯಾಂಡ್‌ಪೋಸ್ಟ್ ದಾಟಿದ ಮೇಲೆ, “ಆ ರಾತ್ರಿ ಕರೆಂಟ್ ಎಷ್ಟು ಹೊತ್ತಿಗೆ ಬಂತಕ್ಕ?” ಎಂದು ಕೇಳಿದ. ಹನ್ನೊಂದಕ್ಕೆ ಎಂದೆ. ಅಷ್ಟೇ.

ಅವನಿಗೆ ಗೊತ್ತಿದೆ. ನನಗೂ ಗೊತ್ತಿದೆ ಎಂಬುದು ಅವನಿಗೆ ಗೊತ್ತೇ? ಅವನ ಕೋಣೆಯಲ್ಲಿ ಇನ್ನೂ ದೀಪ ಉರಿಯುತ್ತಿದೆ. ಈಗಲೇ ಹೋಗಿ ಬಾಗಿಲು ತಟ್ಟಿದರೆ, ಮೊದಲು ಏನೆಂದು