ಹೆಸರು ಬರೆಯದ ಪ್ಲೇಟು

ಒಂದು ಮೈಕ್ರೋಬಯಾಲಜಿ ಲ್ಯಾಬಿಗೆ ಸೇರುವ ಮುಂಚೆ ಅಲ್ಲಿಂದ ಬಂದ ಪೇಪರ್‌ಗಳನ್ನು ಎಲ್ಲರೂ ಓದುತ್ತಾರೆ. ಓದಿ, ತಪ್ಪೇನಿಲ್ಲ. ಆದರೆ ಸಾಧ್ಯವಾದರೆ ಅಲ್ಲಿನ ಕೋಲ್ಡ್ ರೂಮಿನ ಬಾಗಿಲು ತೆಗೆದು ಬ್ಯಾಕ್ಟೀರಿಯಾ ಬೆಳೆಸುವ ನಾಲ್ಕು ಪ್ಲೇಟುಗಳನ್ನು ಕೈಗೆತ್ತಿಕೊಂಡು ನೋಡಿ. ಸ್ಟ್ರೇನ್ (ಬ್ಯಾಕ್ಟೀರಿಯಾದ ತಳಿ) ಯಾವುದು, ಯಾವ ಆಂಟಿಬಯಾಟಿಕ್, ತಾರೀಕು ಎಷ್ಟು, ಯಾರದ್ದು ಎಂಬುದು ಪ್ಲೇಟಿನ ತಳದಲ್ಲಿ ಬರೆದಿದೆಯೇ? ಮುಚ್ಚಳದ ಮೇಲೆ ಬರೆದದ್ದು ಲೆಕ್ಕಕ್ಕಿಲ್ಲ. ಎರಡು ಪ್ಲೇಟು ಒಟ್ಟಿಗೆ ತೆರೆದರೆ ಮುಚ್ಚಳ ಅದಲುಬದಲಾಗಲು ಎಷ್ಟು ಹೊತ್ತು ಬೇಕು? ಹೆಸರಿಲ್ಲದ ಪ್ಲೇಟುಗಳು ಅಲ್ಲಿ ತಿಂಗಳುಗಟ್ಟಲೆ ಕೂತಿದ್ದರೆ, ಎಸೆಯುವ ಧೈರ್ಯವಾಗಲಿ ಕೇಳುವ ಸಲಿಗೆಯಾಗಲಿ ಅಲ್ಲಿ ಯಾರಿಗೂ ಇಲ್ಲ ಎಂದೇ ಅರ್ಥ.

ಲ್ಯಾಬಿನ ಗುಣ ಗೊತ್ತಾಗುವುದು ಎಲ್ಲರೂ ಬಳಸುವ ಸಾಮಾನಿನಲ್ಲಿ. ಸ್ವಂತ ಪ್ರಯೋಗವನ್ನು ಯಾರಾದರೂ ಜೋಪಾನ ಮಾಡುತ್ತಾರೆ. ಒಬ್ಬರು ಹುಯ್ದು ಆರು ಜನ ಬಳಸುವ ಆಂಪಿಸಿಲಿನ್ ಪ್ಲೇಟುಗಳ ಪಾಡು ನೋಡಬೇಕು. ಅವುಗಳನ್ನು ಮಾಡುವ ಕ್ರಮ ಇದು: ಲೀಟರಿಗೆ ಟ್ರಿಪ್ಟೋನ್ 10 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 5 ಗ್ರಾಂ, ಉಪ್ಪು 10 ಗ್ರಾಂ, ಗಟ್ಟಿಮಾಡಲು ಅಗಾರ್ 15 ಗ್ರಾಂ. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಂತ್ರ) ಆದ ಮೇಲೆ 50–55 ಡಿಗ್ರಿಗೆ ಇಳಿಯುವವರೆಗೆ ಕಾದು, ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಸ್ಟಾಕಿನಿಂದ 1 ಮಿಲಿಲೀಟರ್ ಆಂಪಿಸಿಲಿನ್ ಹಾಕಿ, ನೊರೆ ಬಾರದಂತೆ ತಿರುಗಿಸಿ, ಪ್ಲೇಟಿಗೆ 20–25 ಮಿಲಿಲೀಟರಿನಂತೆ ಹುಯ್ಯುವುದು. ಕೆಡುವುದು ಆ ಕಾಯುವ ಹೊತ್ತಿನಲ್ಲೇ. ಅವಸರಕ್ಕೆ ಬಿಸಿಯಿದ್ದಾಗಲೇ ಹಾಕಿದರೆ ಆಂಪಿಸಿಲಿನ್ ಹಾಳಾಗುತ್ತದೆ. ಪ್ಲಾಸ್ಮಿಡ್ (ಆಂಪಿಸಿಲಿನ್ ತಡೆಯುವ ಗುಣ ಕೊಡುವ ಡಿಎನ್‌ಎ ಉಂಗುರ) ಇರುವ ಕೋಶ, ಇಲ್ಲದ ಕೋಶ ಎರಡೂ ಬೆಳೆಯುತ್ತವೆ, ಹೊಸಬರು ಟ್ರಾನ್ಸ್‌ಫಾರ್ಮೇಷನ್ (ಕೋಶದೊಳಗೆ ಪ್ಲಾಸ್ಮಿಡ್ ಸೇರಿಸುವುದು) ಭರ್ಜರಿಯಾಗಿ ಆಯಿತು ಎಂದು ಖುಷಿಪಡುತ್ತಾರೆ. ಮರೆತು ಕೂತರೆ ಬಾಟಲಿಯಲ್ಲೇ ಗಂಟುಕಟ್ಟುತ್ತದೆ. ಹಳೆಯ ಪ್ಲೇಟಿನಲ್ಲಾದರೆ ದೊಡ್ಡ ಕಾಲನಿಯ (ಒಂದು ಕೋಶದಿಂದ ಬೆಳೆದ ಬ್ಯಾಕ್ಟೀರಿಯಾ ಗುಂಪು) ಸುತ್ತ ಸಣ್ಣ ಸಣ್ಣ ಸ್ಯಾಟಲೈಟ್ ಕಾಲನಿಗಳು ಹುಟ್ಟಿಕೊಳ್ಳುತ್ತವೆ. ದೊಡ್ಡದು ಹೊರಬಿಡುವ ಬೀಟಾ-ಲ್ಯಾಕ್ಟಮೇಸ್ ಎಂಬ ಎಂಜೈಮ್ ಸುತ್ತಲಿನ ಔಷಧಿಯನ್ನು ಒಡೆದುಹಾಕಿರುತ್ತದೆ; ಇನ್ಕ್ಯುಬೇಟರಿನಲ್ಲಿ 16–18 ಗಂಟೆ ದಾಟಿಸಿದರೂ ಇದೇ ಗತಿ.

ಇದಕ್ಕೆ ಮದ್ದು ಸುಲಭ. ಪ್ರತಿ ಬ್ಯಾಚಿನಿಂದ ಎರಡು ಪ್ಲೇಟು ಪಕ್ಕಕ್ಕಿಡಿ. ಒಂದನ್ನು ಖಾಲಿಯಾಗಿ, ಇನ್ನೊಂದಕ್ಕೆ ಪ್ಲಾಸ್ಮಿಡ್ ಇಲ್ಲದ ಸ್ಟ್ರೇನ್ ಎಳೆದು, ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡಿ. ಎರಡರಲ್ಲೂ ಏನೂ ಬೆಳೆಯಬಾರದು. ಫಲಿತಾಂಶವನ್ನು ಬ್ಯಾಚ್ ಪುಸ್ತಕದಲ್ಲಿ ಬರೆದ ಮೇಲೆಯೇ ಉಳಿದವರಿಗೆ ಕೊಡುವುದು. ಐದು ನಿಮಿಷದ ಕೆಲಸ, ಆದರೂ ಮಾಡುವವರು ಕಡಿಮೆ, ಏಕೆಂದರೆ ಇದಕ್ಕೆ ಶಭಾಷ್ ಎನ್ನುವವರಿಲ್ಲ.

ಕಂಟಾಮಿನೇಷನ್ (ಬೇಡದ ಜೀವಿ ಸೇರಿಕೊಳ್ಳುವುದು) ವಿಷಯಕ್ಕೆ ಬಂದರೆ, ಅದು ಆಗದ ಲ್ಯಾಬಿಲ್ಲ. ಎಷ್ಟು ಬೇಗ ಬಾಯಿಬಿಟ್ಟು ಹೇಳುತ್ತಾರೆ ಅನ್ನುವುದರಲ್ಲೇ ವ್ಯತ್ಯಾಸ. ಮುಚ್ಚಿದ ಮೀಡಿಯಾ (ಬ್ಯಾಕ್ಟೀರಿಯಾದ ಆಹಾರ) ಬಾಟಲಿಯೇ ಕದಡಿದ್ದರೆ ಮೊದಲ ಅನುಮಾನ ಆಟೋಕ್ಲೇವ್ ಮೇಲೆ. ಒಬ್ಬರ ಪ್ಲೇಟುಗಳಲ್ಲಿ ಮಾತ್ರ ಬರುತ್ತಿದ್ದರೆ ಅವರ ಕೈ, ಅವರ ಪಿಪೆಟ್ ನೋಡಬೇಕು. ಒಣಗಿದಂತೆ, ಸುಕ್ಕುಸುಕ್ಕಾಗಿ ಹರಡಿದ ಕಾಲನಿಯಾದರೆ ಬಹುಪಾಲು ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ. 70% ಆಲ್ಕೋಹಾಲ್‌ಗೆ ಅದರ ಸ್ಪೋರ್ (ಗಟ್ಟಿ ಕವಚದ, ಬೀಜದಂಥ ರೂಪ) ಸಾಯುವುದಿಲ್ಲ, ಬೆಂಚು ಎಷ್ಟು ಒರೆಸಿದರೂ ಅಷ್ಟೇ. ಬೂಷ್ಟು ಕಂಡರೆ ಮುಚ್ಚಳ ತೆಗೆದು ಇಣುಕಬೇಡಿ, ಹಾಗೇ ಚೀಲಕ್ಕೆ ಹಾಕಿ ಆಟೋಕ್ಲೇವಿಗೆ ಕಳಿಸಿ.

ಎಲ್ಲಕ್ಕಿಂತ ಕೆಟ್ಟದ್ದು ಫೇಜ್, ಅಂದರೆ ಬ್ಯಾಕ್ಟೀರಿಯಾಗೆ ತಗಲುವ ವೈರಸ್. ಇ. ಕೋಲೈ ಬ್ಯಾಕ್ಟೀರಿಯಾದ ಕಲ್ಚರ್ ಚೆನ್ನಾಗಿಯೇ ಬೆಳೆದು, ಅದರ OD (ಎಷ್ಟು ಕದಡಿದೆ ಎಂಬ ಅಳತೆ) 0.5ರ ಆಸುಪಾಸಿಗೆ ಬಂದು, ಮುಂದೆ ಏರುವ ಬದಲು ಇಳಿಯತೊಡಗುತ್ತದೆ. ಕದಡಿದ್ದ ಬ್ರಾತ್ (ದ್ರವ ಮೀಡಿಯಾ) ತಿಳಿಯಾಗಿ, ಒಡೆದ ಕೋಶಗಳ ಚೂರು ಎಳೆಎಳೆಯಾಗಿ ತೇಲುತ್ತವೆ. ಟಿ1 ಎಂಬ ಫೇಜ್ ಒಣಗಿದರೂ ಬದುಕಿರುತ್ತದೆ. ಶೇಕರ್, ಪಿಪೆಟ್, ಬಾಗಿಲ ಹಿಡಿ, ಎಲ್ಲಿ ಬೇಕಾದರೂ ಇರಬಹುದು. ಅಂದರೆ ಒಬ್ಬರ ಫ್ಲಾಸ್ಕಿನಲ್ಲಿ ಕಂಡರೆ ಅದು ಎಲ್ಲರ ತೊಂದರೆ. ತಕ್ಷಣ ಕಲ್ಚರ್ ಕೆಲಸ ನಿಲ್ಲಿಸಿ, ತೆರೆದ ಮೀಡಿಯಾ ಎಲ್ಲ ಎಸೆದು, ಆಗಷ್ಟೇ ಬೆರೆಸಿದ 10% ಬ್ಲೀಚಿನಿಂದ ಒರೆಸಿ, ಫ್ರೀಜರ್ ಸ್ಟಾಕಿನಿಂದ ಹೊಸದಾಗಿ ಶುರು ಮಾಡಬೇಕು. (ಬ್ಲೀಚ್ ಹಾಕಿದ್ದನ್ನು ಮಾತ್ರ ಆಟೋಕ್ಲೇವಿಗೆ ಇಡಬೇಡಿ, ಕ್ಲೋರಿನ್ ಹೊರಬರುತ್ತದೆ.) ಲ್ಯಾಬ್ ಮೀಟಿಂಗಿನಲ್ಲಿ ಗೈಡ್ ಕೇಳುವ ಮೊದಲ ಪ್ರಶ್ನೆ "ಯಾರು ಮಾಡಿದ್ದು?" ಎಂದಾದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ, ಸದ್ದಿಲ್ಲದೆ ಸಿಂಕಿಗೆ ಸುರಿದು ಹೊಸ ಮೀಡಿಯಾಕ್ಕೆ ಮತ್ತೆ ಬ್ಯಾಕ್ಟೀರಿಯಾ ಹಾಕುತ್ತಾರೆ. "ಯಾವಾಗಿಂದ, ಯಾವ ಬಾಟಲಿ?" ಎಂದು ಕೇಳುವವರ ಲ್ಯಾಬಿನಲ್ಲಿ ಅದೇ ಮಧ್ಯಾಹ್ನ ಎಲ್ಲರಿಗೂ ಸುದ್ದಿ ಮುಟ್ಟಿರುತ್ತದೆ. ನನ್ನ ಮಟ್ಟಿಗೆ ಗೈಡ್‌ನ ದೊಡ್ಡ ಪರೀಕ್ಷೆಯೇ ಇದು.

ಆಟೋಕ್ಲೇವ್ ನಡೆಸುವ ಲ್ಯಾಬ್ ಅಸಿಸ್ಟೆಂಟ್ ಬಗ್ಗೆಯೂ ಹೇಳಬೇಕು. 121 ಡಿಗ್ರಿ, 15 ಪಿಎಸ್‌ಐ, 15–20 ನಿಮಿಷ ಎಂದು ಪುಸ್ತಕ ಹೇಳುತ್ತದೆ. ಎರಡು ಲೀಟರ್ ಫ್ಲಾಸ್ಕಿನ ನಡುಭಾಗಕ್ಕೆ ಬಿಸಿ ತಡವಾಗಿ ತಲುಪುವುದರಿಂದ ಅದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು, ಬಾಟಲಿ ಮುಕ್ಕಾಲು ದಾಟಿ ತುಂಬಬಾರದು, ಮುಚ್ಚಳ ಸಡಿಲ ಇರಬೇಕು, ಹಬೆಯನ್ನು ಒಮ್ಮೆಗೇ ಬಿಟ್ಟರೆ ಮೀಡಿಯಾ ಉಕ್ಕಿ ಅರ್ಧ ಹೊರಗೆ ಬರುತ್ತದೆ ಎಂಬುದನ್ನೆಲ್ಲ ಸ್ಟೂಡೆಂಟ್‌ಗಳಿಗೆ ಕಲಿಸುವವರು ಅವರೇ. ಬಾಟಲಿಗೆ ಅಂಟಿಸಿದ ಆಟೋಕ್ಲೇವ್ ಟೇಪಿನ ಮೇಲೆ ಕಪ್ಪು ಗೆರೆ ಬಂದರೆ ಬಿಸಿ ತಾಗಿದೆ ಅಷ್ಟೇ. ಒಳಗಿನದ್ದು ಸತ್ತಿದೆ ಎನ್ನಲು ಬಿಸಿಗೆ ಸುಲಭವಾಗಿ ಸಾಯದ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್ ಟೆಸ್ಟ್ ಬೇಕು. ಅದರ ತಾರೀಕನ್ನು ನೆನಪಿಡುವವರೂ ಅವರೇ. ಥೀಸಿಸ್‌ನ ಕೃತಜ್ಞತೆಯ ಪುಟದಲ್ಲಿ ಅವರಿಗೆ ಅರ್ಧ ಸಾಲು ಸಿಕ್ಕರೆ ಹೆಚ್ಚು.

ನೆರವಾದವರ ಹೆಸರು ಬಿಡುವ ಈ ಚಾಳಿ ಹೊಸದಲ್ಲ. ಕ್ಷಯರೋಗದ ಬ್ಯಾಕ್ಟೀರಿಯಾ ಕಂಡುಹಿಡಿದ ಜರ್ಮನಿಯ ರಾಬರ್ಟ್ ಕಾಖ್ ಲ್ಯಾಬಿನಲ್ಲಿ ಮೀಡಿಯಾ ಗಟ್ಟಿಮಾಡಲು ಮೊದಲು ಬಳಸುತ್ತಿದ್ದ ಜೆಲಾಟಿನ್ 37 ಡಿಗ್ರಿಯಲ್ಲಿ ಕರಗಿ ನೀರಾಗುತ್ತಿತ್ತು, ಎಷ್ಟೋ ಬ್ಯಾಕ್ಟೀರಿಯಾ ಅದನ್ನು ತಿಂದೇಬಿಡುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ, ತಾನು ಅಡುಗೆಯಲ್ಲಿ ಬಳಸುತ್ತಿದ್ದ ಅಗಾರ್ ಹಾಕಿ ನೋಡು ಎಂದವರು ಅವನ ಹೆಂಡತಿ ಫ್ಯಾನಿ ಹೆಸ್ಸೆ. 1882ರ ಕ್ಷಯರೋಗದ ಪೇಪರಿನಲ್ಲಿ ಕಾಖ್ ಅಗಾರ್ ಪ್ರಸ್ತಾಪಿಸಿದ, ಹೆಸ್ಸೆ ದಂಪತಿಯ ಹೆಸರು ಹಾಕಲಿಲ್ಲ. ಅದೇ ಲ್ಯಾಬಿನ ಸಹಾಯಕ ಪೆಟ್ರಿ 1887ರಲ್ಲಿ ಪ್ರಕಟಿಸಿದ ತಟ್ಟೆಗೆ ಇವತ್ತಿಗೂ ಅವನ ಹೆಸರೇ ಇದೆ. ಯಾರ ಹೆಸರು ಎಲ್ಲಿ ಬರಬೇಕು ಎಂಬ ಮಾತನ್ನು ಪ್ರಯೋಗ ಶುರುವಾಗುವಾಗಲೇ ಆಡಿ ಮುಗಿಸುವುದು ಒಳ್ಳೆಯದು. ಪೇಪರ್ ಕಳಿಸುವ ವಾರದಲ್ಲಿ ಆಡಿದರೆ ಜಗಳವೇ ಆಗುತ್ತದೆ.

ಕೊನೆಗೆ ಸ್ಟಾಕ್‌ಗಳು, ಅಂದರೆ ಫ್ರೀಜರಿನಲ್ಲಿ ಕಾಪಿಡುವ ಬ್ಯಾಕ್ಟೀರಿಯಾ. ಒಂಟಿ ಕಾಲನಿಯಿಂದ ಬೆಳೆಸಿದ ಓವರ್‌ನೈಟ್ ಕಲ್ಚರ್ 500 ಮೈಕ್ರೋಲೀಟರ್, 50% ಗ್ಲಿಸರಾಲ್ 500 ಮೈಕ್ರೋಲೀಟರ್, ಚೆನ್ನಾಗಿ ಬೆರೆಸಿ ಮೈನಸ್ 80 ಡಿಗ್ರಿಯ ಫ್ರೀಜರಿಗೆ. ಬೆರೆಯದೆ ಉಳಿದರೆ ಮಂಜುಗಡ್ಡೆಯ ಹರಳು ಕೋಶಗಳನ್ನು ಸೀಳುತ್ತದೆ. ಬಳಸುವಾಗ ಕರಗಿಸದೆ ಮೇಲಿನಿಂದ ಒಂದಿಷ್ಟು ಕೆರೆದು ಪ್ಲೇಟಿಗೆ ಎಳೆಯಬೇಕು. ನೇರ ಬ್ರಾತಿಗೆ ಹಾಕಿದರೆ ಒಳಗೆ ಬೇರೇನೋ ಸೇರಿಕೊಂಡಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಆಲ್ಕೋಹಾಲ್ ತಾಗಿದರೆ ಮಾಮೂಲಿ ಮಾರ್ಕರ್ ಅಳಿಸಿಹೋಗುವುದರಿಂದ ಟ್ಯೂಬಿನ ಮೇಲೆ ಕ್ರಯೋ ಲೇಬಲ್ ಅಂಟಿಸಿ. ರಿಜಿಸ್ಟರಿನಲ್ಲಿ ನಂಬರ್, ಡಬ್ಬಿ, ಸಾಲು ಬರೆಯಿರಿ. ಎರಡು ಸೆಟ್ ಮಾಡಿ, ಎರಡನೆಯದು ಬೇರೆ ಫ್ರೀಜರಿನಲ್ಲಿರಲಿ.

ಪಿಎಚ್‌ಡಿ ಮುಗಿಸಿ ಹೊರಡುವವರಿಂದ ಸಹಿ ಹಾಕಿಸಿಕೊಂಡರಷ್ಟೇ ಸಾಲದು. ಹೊರಡುವ ತಿಂಗಳಲ್ಲಿ ಜೂನಿಯರ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ರಿಜಿಸ್ಟರಿನ ಒಂದೊಂದೇ ಸ್ಟಾಕನ್ನು ಎಬ್ಬಿಸಿ, ಬರೆದ ಆಂಟಿಬಯಾಟಿಕ್‌ನಲ್ಲಿ ಬೆಳೆಯುತ್ತದೆಯೇ ನೋಡಿ, ಪ್ಲಾಸ್ಮಿಡ್ ಇದ್ದರೆ ತೆಗೆದು ಡೈಜೆಸ್ಟ್ ಮಾಡಿ (ಎಂಜೈಮ್‌ನಿಂದ ಕತ್ತರಿಸಿ) ಜೆಲ್‌ನಲ್ಲಿ ಚೂರುಗಳ ಬ್ಯಾಂಡ್ ತಾಳೆ ನೋಡಲಿ. ಬೆಳೆಯದವು, ತಾಳೆಯಾಗದವು ಒಂದಿಷ್ಟು ಸಿಕ್ಕೇ ಸಿಗುತ್ತವೆ, ಮತ್ತೆ ಮಾಡಿಡಲು ಅವರು ಇನ್ನೂ ಲ್ಯಾಬಿನಲ್ಲಿ ಇರುವಾಗಲೇ.