ಮೊತ್ತಮೊದಲು, ಏಕೈಕ, ಯುನೀಕ್

ಅಕ್ಕನ ಮಗಳು ಕುಂಬಳೆ ಹತ್ತಿರದ ಅನಂತಪುರ ಕೆರೆ ದೇವಸ್ಥಾನದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ತಂದಿದ್ದಳು. ಮೊದಲ ಸಾಲೇ ‘ದಿಸ್ ಟೆಂಪಲ್ ಈಸ್ ವೆರಿ ಯುನೀಕ್’. ‘ವೆರಿ’ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಯುನೀಕ್ ಅಂದರೆ ಒಂದೇ ಇರುವುದು, ಲ್ಯಾಟಿನ್ನಿನ ‘ಊನುಸ್’, ಅಂದರೆ ಒಂದು ಎಂಬ ಪದದಿಂದ ಬಂದದ್ದು. ಒಂದರಲ್ಲಿ ಹೆಚ್ಚು ಒಂದು, ಕಡಿಮೆ ಒಂದು ಇಲ್ಲವಲ್ಲ ಅಂದೆ. ಡೆಡ್, ಎಂಪ್ಟಿ, ಪರ್ಫೆಕ್ಟ್ ಕೂಡ ಇದೇ ಜಾತಿ. ‘ಆಲ್‌ಮೋಸ್ಟ್ ಎಂಪ್ಟಿ’ ಸರಿ, ಯಾಕೆಂದರೆ ಅದು ಅಲ್ಲಿಗೆ ಎಷ್ಟು ಹತ್ತಿರ ಅಂತ ಹೇಳುತ್ತದೆ.

ಅವಳು ಸುಮ್ಮನಾಗಲಿಲ್ಲ. ‘ಮತ್ತೆ ನಾವು ಮೊತ್ತಮೊದಲು ಅಂತೇವಲ್ಲ?’

ಆ ಪ್ರಶ್ನೆ ರಾತ್ರಿಯಿಡೀ ತಲೆಯಲ್ಲಿತ್ತು. ಮೊದಲು ಅಂದಮೇಲೆ ಮೊದಲೇ, ಆದರೂ ಮೊತ್ತಮೊದಲು. ನಡುವಿಗೆ ನಟ್ಟನಡು, ತುದಿಗೆ ತುತ್ತತುದಿ, ಕಡೆಗೆ ಕಟ್ಟಕಡೆ. ‘ಏಕೈಕ’ ಬಿಡಿಸಿದರೆ ಏಕ, ಏಕ! ಕನ್ನಡದಲ್ಲಿ ಇದು ತಪ್ಪಲ್ಲ, ಹೇಳುವುದನ್ನು ಗಟ್ಟಿಮಾಡುವ ಬಗೆ. ಮನೆಯಲ್ಲಿ ಈ ಮಾತು ಕೇಳಿ ಬೆಳೆದ ಮಗು ಇಂಗ್ಲಿಷಿಗೆ ಹೋದಾಗ ‘ವೆರಿ’ ಸೇರಿಸುವುದು ಎಷ್ಟು ಸಹಜ. ಅದನ್ನು ದಡ್ಡತನ ಅನ್ನುವವರ ಮೇಲೆ ನನಗೆ ಕೋಪವಿದೆ. 1787ರ ಅಮೆರಿಕದ ಸಂವಿಧಾನದ ಪೀಠಿಕೆಯಲ್ಲೇ ‘ಮೋರ್ ಪರ್ಫೆಕ್ಟ್ ಯೂನಿಯನ್’ ಅಂತಿದೆ. ಹಾಗೆಂದು ಪರೀಕ್ಷೆಯಲ್ಲಿ ಬರೆಯಬೇಡ ಅಂತಲೂ ಹೇಳಿದ್ದೇನೆ.

ಬೆಳಿಗ್ಗೆ ನೋಡಿದರೆ ‘ವೆರಿ’ಯನ್ನು ರಬ್ಬರಿನಿಂದ ಉಜ್ಜಿದ್ದಾಳೆ. ಪಕ್ಕದ ಅಂಚಿನಲ್ಲಿ ಪುಟ್ಟ ಅಕ್ಷರದಲ್ಲಿ ‘ಏಕೈಕ’ ಅಂತ ಬರೆದುಕೊಂಡಿದ್ದಾಳೆ.